ಹಸಿ ಕಸ, ಒಣ ಕಸ, ಒಂದು ಕ್ಷಮಿಸಿ

ಆ ಒಂದು 'ಕ್ಷಮಿಸಿ'ಯನ್ನು ಅಂದೇ ಅಳಿಸಿಹಾಕಿಸಬೇಕಿತ್ತು...

ಬಸ್ಸಿನ ಕಿಟಕಿಗೆ ಹಣೆ ಆನಿಸಿಕೊಂಡು ಯಮುನ ತನ್ನಷ್ಟಕ್ಕೆ ತಾನೇ ಅಂದುಕೊಂಡಳು. ದಿನವೂ ಅಂದುಕೊಳ್ಳುವುದೇ. ಯಾರಿಗಾದರೂ ಹೇಳಿಕೊಳ್ಳುವಷ್ಟು ದೊಡ್ಡ ಚಿಂತೆಯಲ್ಲ. ಮರೆತುಬಿಡುವಷ್ಟು ಚಿಕ್ಕದೂ ಅಲ್ಲ.

ಬಸ್ಸು ಆನೆಕಾಡು ದಾಟಿ ಸುಂಟಿಕೊಪ್ಪದೊಳಗೆ ಬರುವ ಹೊತ್ತಿಗೆ ಸರಿಯಾಗಿ ಎದುರಿನಿಂದ ಪಂಚಾಯಿತಿಯ ಕಸದ ಗಾಡಿ ಬಂತು. ಅದರ ನೆತ್ತಿಯ ಮೇಲಿನ ಸ್ಪೀಕರಿನಿಂದ ಒಂದು ಹೆಣ್ಣು ಧ್ವನಿ, ತಿಳಿಯಾಗಿ, ನಿಧಾನವಾಗಿ ಕೇಳಿಸಿತು.

"ನಾಗರಿಕರ ಗಮನಕ್ಕೆ. ಹಸಿ ಕಸ ಮತ್ತು ಒಣ ಕಸವನ್ನು ಬೇರೆ ಬೇರೆ... ಕ್ಷಮಿಸಿ... ಬೇರೆ ಬೇರೆಯಾಗಿ ಕೊಟ್ಟು ಸಹಕರಿಸಿ."

ಮುಂದಿನ ಸೀಟಿನಲ್ಲಿದ್ದ ಇಬ್ಬರು ಕಾಲೇಜು ಹುಡುಗಿಯರು ಒಟ್ಟಿಗೇ, ಅದೇ ರಾಗದಲ್ಲಿ "ಕ್ಷಮಿಸೀ..." ಎಂದು ಕಿಸಕ್ಕನೆ ನಕ್ಕರು. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಕೂಡ, "ಕ್ಷಮಿಸಿ, ಚಿಲ್ಲರೆ ಇಲ್ಲ" ಅಂದ. ಮತ್ತೆ ನಗು.

ಯಮುನಳ ಕಿವಿ ಬೆಚ್ಚಗಾಯಿತು. ದುಪಟ್ಟಾ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ಆ ಧ್ವನಿ ಅವಳದೇ.

ಬಿ.ಎ. ಮುಗಿಸಿದ ಯಮುನ ಸುಂಟಿಕೊಪ್ಪದಲ್ಲಿ ಚಿದಾನಂದನ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಜೆರಾಕ್ಸು, ಲ್ಯಾಮಿನೇಷನ್, ಪಾಸ್‌ಪೋರ್ಟ್ ಸೈಜ್ ಫೋಟೋ, ಜೊತೆಗೆ ಊರಲ್ಲಿ ಆಟೋ ಮೇಲೆ ಸಾರುವ ಪ್ರಕಟಣೆಗಳ ರೆಕಾರ್ಡಿಂಗು. ಅಂಗಡಿಯ ಹಿಂದಿನ ಸಾಮಾನು ಕೋಣೆಯ ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿ, ಮಧ್ಯೆ ಒಂದು ಮೈಕು ನಿಲ್ಲಿಸಿ, ಚಿದಾನಂದ ಅದನ್ನು ಸ್ಟುಡಿಯೋ ಎಂದು ಕರೆಯುತ್ತಿದ್ದ.

ನಾಲ್ಕು ಜನರ ಮುಂದೆ ನಿಂತರೆ ಯಮುನಳಿಗೆ ಮಾತು ಗಂಟಲಲ್ಲೇ ಉಳಿಯುತ್ತಿತ್ತು. ಕಾಲೇಜಿನ ಸೆಮಿನಾರಿನಲ್ಲಿ ಹೆಸರು ಹೇಳಿ ಅಲ್ಲಿಗೇ ನಿಂತುಬಿಟ್ಟವಳು ಅವಳು. ಆದರೆ ಆ ಮೊಟ್ಟೆ ಟ್ರೇಗಳ ನಡುವೆ, ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿದರೆ... ಧ್ವನಿ ತಾನೇ ಬರುತ್ತಿತ್ತು. ಯಾರದೋ ಮದುವೆ, ಯಾರದೋ ಕಳೆದುಹೋದ ಹಸು, ರಕ್ತದಾನ ಶಿಬಿರ. ಊರಿಗೆಲ್ಲ ಅವಳ ಧ್ವನಿ ಗೊತ್ತು. ಆ ಧ್ವನಿಗೆ ಒಂದು ಮುಖ ಇದೆ ಎಂದು ಯಾರಿಗೂ ಗೊತ್ತಿಲ್ಲ.

ಕಸದ ಗಾಡಿಯ ಪ್ರಕಟಣೆ ಓದುವಾಗ ಧೂಳಿಗೆ ಸೀನು ಬಂದಂತಾಗಿ, ಬಾರದೆ ನಿಂತು, ಅಭ್ಯಾಸಬಲದಿಂದ 'ಕ್ಷಮಿಸಿ' ಅಂದಿದ್ದಳು. "ಅದನ್ನ ತೆಗೀರಿ ಚಿದಣ್ಣ" ಎಂದು ಎಷ್ಟು ಬೇಡಿಕೊಂಡರೂ ಚಿದಾನಂದ, "ಇರ್ಲಿ ಬಿಡು ಮಗಳೇ, ಮನುಷ್ಯರು ಮಾತಾಡಿದ ಹಾಗಿದೆ" ಎಂದು ಹಾಗೇ ಕೊಟ್ಟುಬಿಟ್ಟಿದ್ದ.

ಅವತ್ತು ಸೋಮವಾರ. ಯಮುನ ಅಂಗಡಿಯ ಶಟರನ್ನು ಅರ್ಧ ಎತ್ತಿದ್ದಳಷ್ಟೇ. ಅದರಡಿಯಿಂದ ಬಗ್ಗಿ ಒಬ್ಬ ಒಳಗೆ ಬಂದ. ಉದ್ದ ಆಳು. ಬೆನ್ನಿಗೆ ಗಿಟಾರಿನ ಚೀಲ, ಕಾಲಿಗೆ ಮಣ್ಣು ಮೆತ್ತಿದ ಗಂಬೂಟು.

"ಯಾರ್ರೀ ಅದು, ಊರಿಗೆಲ್ಲ ಕರೆಂಟ್ ಇಲ್ಲ ಅಂತ ಹೇಳಿದ್ದು?"

ಯಮುನಳ ಕೈಯಲ್ಲಿದ್ದ ಬೀಗದ ಕೈ ಗಕ್ಕನೆ ನಿಂತಿತು. ಅವನ ಕಣ್ಣು ನೇರವಾಗಿ ಅವಳ ಕಣ್ಣಿಗೇ ಬಿತ್ತು. ಮೊದಲು ಕಣ್ಣು ತಗ್ಗಿಸಿದವಳು ಅವಳೇ.

"ಅದು ನಮ್ಮ ಬ್ಯಾಂಡಿನ ಹೆಸರು ಮಾರಾಯ್ರೆ. 'ಕರೆಂಟ್ ಇಲ್ಲ'. ನಿನ್ನೆ ಸಂಜೆ ಸಮುದಾಯ ಭವನದಲ್ಲಿ ಪ್ರೋಗ್ರಾಂ ಇತ್ತು. ನಿಮ್ಮ ಆಟೋ ಏನಂತ ಹೇಳ್ಕೊಂಡು ಹೋಯ್ತು ಗೊತ್ತಾ? 'ಭಾನುವಾರ ಸಂಜೆ ನಾಲ್ಕು ಗಂಟೆಗೆ ಸಮುದಾಯ ಭವನದಲ್ಲಿ ಕರೆಂಟ್ ಇಲ್ಲ. ಸರ್ವರಿಗೂ ಆದರದ ಸ್ವಾಗತ.'"

ಅಯ್ಯೋ ದೇವರೇ...

ಚೀಟಿ ಓದುವಾಗಲೇ ಅವಳಿಗೆ ಅನಿಸಿತ್ತು. ಕರೆಂಟ್ ಇಲ್ಲದಿದ್ದರೆ ಸ್ವಾಗತ ಯಾಕೆ ಎಂದು. ಕೇಳಬೇಕು ಅನಿಸಿದ್ದನ್ನು ಕೇಳದೆ ಬಿಡುವುದು ಅವಳಿಗೆ ಚಿಕ್ಕಂದಿನಿಂದಲೂ ಬಂದದ್ದು. ಇದ್ದದ್ದನ್ನು ಇದ್ದ ಹಾಗೇ ಓದಿದ್ದಳು.

"ಊರೋರೆಲ್ಲ ಮಧ್ಯಾಹ್ನವೇ ದೋಸೆ ಹಿಟ್ಟು ರುಬ್ಬಿ, ಮೊಬೈಲ್ ಚಾರ್ಜ್ ಮಾಡ್ಕೊಂಡು, ಮನೇಲಿ ಕೂತ್ಬಿಟ್ರು. ಪ್ರೋಗ್ರಾಂಗೆ ಬಂದಿದ್ದು ಇಬ್ರು. ಒಬ್ರು ಭವನದ ವಾಚ್‌ಮನ್. ಇನ್ನೊಬ್ರು ತಿಮ್ಮಯ್ಯ ಮಾವ. ಕರೆಂಟ್ ಎಷ್ಟೊತ್ತಿಗೆ ಬರುತ್ತೆ ಅಂತ ಕೇಳೋಕೆ ಬಂದಿದ್ರು."

ನಗಬಾರದು ಎಂದು ಯಮುನ ತುಟಿ ಕಚ್ಚಿಕೊಂಡಳು. ಅವನು ನೋಡಿಬಿಟ್ಟ.

"ನಗ್ರಿ, ಪರವಾಗಿಲ್ಲ. ನಗ್ಸೋದೇ ನಮ್ಮ ಕೆಲಸ. ಆದ್ರೆ ಎರಡು ಹಾಡಲ್ಲಿ ಅಳ್ಸೋದೂ ಇತ್ತು, ಅದಕ್ಕೆ ಜನಾನೇ ಇರ್ಲಿಲ್ಲ." ಅವನು ಗಿಟಾರಿನ ಚೀಲ ಇಳಿಸಿ ಕೌಂಟರಿಗೆ ಒರಗಿಸಿದ. ಧ್ವನಿ ಸ್ವಲ್ಪ ತಗ್ಗಿತು. "ಓದಿದವರು ಯಾರು? ಕಸದ ಗಾಡೀಲೂ ಅವರೇ ಅಲ್ವಾ?"

ಯಮುನ ಬೀಗದ ಕೈಯನ್ನು ಡ್ರಾಯರಿಗೆ ಹಾಕಿದಳು.

"ಬೈಯೋಕೇ ಬಂದಿದ್ದೆ. ದಾರೀಲಿ ಎಲ್ಲ ಜೋಡಿಸ್ಕೊಂಡು ಬಂದೆ ಏನೇನು ಬೈಬೇಕು ಅಂತ. ಆದ್ರೆ ಈಗಷ್ಟೇ ಆ ಗಾಡಿ ಎದುರಿಗೆ ಸಿಕ್ತು. ಆ 'ಕ್ಷಮಿಸಿ' ಇದೆಯಲ್ಲ... ಸ್ಪೀಕರಲ್ಲಿ ಎಷ್ಟು ಜನ ಮಾತಾಡಿದ್ದು ಕೇಳಿದೀವಿ ನಾವು. ಓಟು ಕೇಳ್ತಾರೆ, ಚಂದಾ ಕೇಳ್ತಾರೆ. ಯಾರಾದ್ರೂ ಕ್ಷಮೆ ಕೇಳಿದ್ದು ಇದ್ಯಾ? ಅಂಥವರಿಗೆ ಹೇಗೆ ಬೈಯೋದು ಹೇಳಿ. ಒಂದ್ಸಲ ನೋಡ್ಬೇಕು ಅವರನ್ನ."

ನೋಡಿದರೆ? ಈ ಸಪ್ಪೆ ಮುಖ, ಈ ತೊದಲು, ಈ ಎಣ್ಣೆ ಹಚ್ಚಿದ ಜಡೆ... ಇಷ್ಟೇನಾ ಅನ್ನುತ್ತಾನೆ. ಖಂಡಿತ ಅನ್ನುತ್ತಾನೆ.

"ಅವರು..." ಅಂದಳು. ಮುಂದಿನದು ಎಲ್ಲಿಂದ ಬಂತೋ ಅವಳಿಗೇ ಗೊತ್ತಾಗಲಿಲ್ಲ. "ಅವರು ಮೈಸೂರಿನವರು."

"ಓ." ಅವನ ಮುಖ ಬಾಡಿತು. "ಮತ್ತೆ ನೀವು?"

"ಲ್ಯಾಮಿನೇಷನ್."

ಅವನು ಒಂದು ಕ್ಷಣ ಅವಳನ್ನೇ ನೋಡಿ ಜೋರಾಗಿ ನಕ್ಕ. ಕುಹಕದ ನಗುವಲ್ಲ. ಅಂಗಡಿಯೊಳಗೆ ಯಾರೋ ಕಿಟಕಿ ತೆರೆದಂತಾಯಿತು.

"ನಾನು ಶಶಿಕುಮಾರ್. ಎಸ್ಟೇಟ್ ರೈಟರ್. ರೈಟರ್ ಅಂದ್ರೆ ಕಥೆಗಿಥೆ ಅಲ್ಲ, ಕಾಫಿ ಪಿಕ್ಕಿಂಗ್‌ಗೆ ಯಾರು ಬಂದ್ರು ಯಾರು ಬರ್ಲಿಲ್ಲ ಅಂತ ಹಾಜರಿ ಬರೆಯೋದು. ಹಾಡೂ ಬರೀತೀನಿ. ಅದು ನಮ್ಮ ತೋಟದ ದೊರೆಗೆ ಗೊತ್ತಿಲ್ಲ, ಹೇಳ್ಬೇಡಿ."

"ಹ್ಞೂಂ" ಅಂದಳು ಯಮುನ.

ಅವನು ಹೋದ ಮೇಲೆ, ಹಿಂಬಾಗಿಲಿನಿಂದ ಬಂದು ಸ್ಟುಡಿಯೋ ಕೋಣೆಯಲ್ಲಿದ್ದ ಚಿದಾನಂದ ಹೊರಬಂದ. ಎಲ್ಲ ಕೇಳಿಸಿಕೊಂಡಿದ್ದ.

"ಯಾಕಮ್ಮ ಸುಳ್ಳು ಹೇಳ್ದೆ?"

"ಬಾಯಿಗೆ ಬಂತು ಚಿದಣ್ಣ."

"ಅಂತೂ ನಿನ್ನ ಬಾಯಿಗೂ ಏನೋ ಬಂತಲ್ಲ. ಸಂತೋಷ."

ಆಮೇಲಿಂದ ಶಶಿ ಬರುವುದು ರೂಢಿಯಾಯಿತು.

ಒಂದು ದಿನ ಹಾಡಿನ ಸಾಲುಗಳನ್ನು ಜೆರಾಕ್ಸ್ ಮಾಡಿಸಲು. ಇನ್ನೊಂದು ದಿನ ಪೋಸ್ಟರಿಗೆ. ಮತ್ತೊಂದು ದಿನ, "ಈ ಕಾಗದ ಮಂಜಿಗೆ ಒದ್ದೆಯಾಗುತ್ತೆ, ಲ್ಯಾಮಿನೇಷನ್ ಹಾಕಿ" ಎಂದು. ಕಡೆಗೆ ಬಸ್ಸಿನ ವೇಳಾಪಟ್ಟಿಗೂ ಲ್ಯಾಮಿನೇಷನ್ ಹಾಕಿಸಿದ.

ಕೆಲವು ಸಲ ಜೊತೆಗೆ ಡ್ರಮ್ಸ್ ಬಾರಿಸುವ ಸತೀಶ ಇರುತ್ತಿದ್ದ. ಸತೀಶ ಲೈನ್‌ಮನ್. ಊರಿನಲ್ಲಿ ಎಲ್ಲಿ ಕರೆಂಟ್ ಹೋದರೂ ಮೊದಲು ಅವನ ಫೋನು ಬಡಿದುಕೊಳ್ಳುತ್ತಿತ್ತು.

"ಹೆಸರು ಯಾಕೆ ಹಾಗಿಟ್ವಿ ಅಂದ್ರೆ," ಶಶಿ ಯಮುನಳಿಗೆ ವಿವರಿಸಿದ, "ಕರೆಂಟ್ ಇಲ್ಲ ಅಂದ್ರೆ ಸತೀಶ ಕಂಬದ ಮೇಲಿರ್ತಾನೆ. ಅವನು ಕಂಬದ ಮೇಲಿದ್ರೆ ಡ್ರಮ್ಸ್ ಇಲ್ಲ. ಡ್ರಮ್ಸ್ ಇಲ್ಲ ಅಂದ್ರೆ ಪ್ರಾಕ್ಟೀಸ್ ಇಲ್ಲ. ನಮ್ಮ ಬ್ಯಾಂಡಿನ ಚರಿತ್ರೆ ಪೂರ್ತಿ ಇಷ್ಟೇ."

"ಲೋ, ನಾನು ಕಂಬ ಹತ್ತದಿದ್ರೆ ನಿನ್ನ ಗಿಟಾರಿಗೆ ಒಲೆಯಿಂದ ಕರೆಂಟ್ ಕೊಡ್ತೀಯೇನೋ?" ಎಂದ ಸತೀಶ.

ಯಮುನ ತಲೆ ತಗ್ಗಿಸಿ ನಕ್ಕಳು. ಶಶಿ ಆ ನಗುವನ್ನು ಬಗ್ಗಿ ನೋಡಿದ.

ಅವನು ನೂರು ಮಾತಾಡಿದರೆ ಅವಳದು ಒಂದು 'ಹ್ಞೂಂ'. ಮೈಕಿನ ಮುಂದಿನ ಯಮುನ ಬೇರೆ, ಕೌಂಟರಿನ ಯಮುನ ಬೇರೆ. ಕೌಂಟರಿನಲ್ಲಿ ಅರ್ಧ ಧ್ವನಿ ಒಳಗೇ ಉಳಿಯುತ್ತಿದ್ದುದರಿಂದ ಅವನಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ.

ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಗಿಟಾರ್ ತೆಗೆದು, "ಇದು ಜಿಗಣೆ ಹಾಡು. ನಗು ಬಂದ್ರೆ ಹೇಳಿ" ಅಂದ. ಮೆಲ್ಲಗೆ ಹಾಡಿದ.

*ಗಂಬೂಟು ದಾಟಿ, ಸಾಕ್ಸು ದಾಟಿ ಹುಡುಕಿ ಬಂದೆಯಲ್ಲ,*
*ನಿನ್ನಷ್ಟು ನನ್ನ ಹಚ್ಚಿಕೊಂಡವರು ಈ ತೋಟದಲ್ಲೇ ಇಲ್ಲ...*

ಯಮುನಳಿಗೆ ನಗು ತಡೆಯಲಾಗಲಿಲ್ಲ. ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಗ ಗಿಟಾರಿನ ನಡೆ ನಿಧಾನವಾಯಿತು.

*ಬಿಟ್ಟು ಹೋದಾಗ ನೋವೇ ಆಗಲಿಲ್ಲ, ನಿಜ ಹೇಳುತ್ತೇನೆ.*
*ಆಮೇಲೆ ನೋಡಿದೆ... ರಕ್ತ ನಿಲ್ಲಲೇ ಇಲ್ಲ.*

ಬಾಯಿ ಮುಚ್ಚಿದ ಕೈ ಹಾಗೇ ಇತ್ತು. ನಗು ಮಾತ್ರ ಇರಲಿಲ್ಲ. ತೋಟದಲ್ಲಿ ಓಡಾಡಿದವರಿಗೆಲ್ಲ ಗೊತ್ತಿರುವ ಮಾತು ಅದು. ಜಿಗಣೆ ಕಚ್ಚಿದ್ದು ತಿಳಿಯುವುದಿಲ್ಲ, ಬಿದ್ದುಹೋದ ಮೇಲೆ ಒಸರುವುದು ನಿಲ್ಲುವುದಿಲ್ಲ. ಅದನ್ನು ಹೀಗೂ ಹೇಳಬಹುದೇ?

"ಯಾರು?" ಅವಳ ಬಾಯಿಂದ ಬಂದೇಬಿಟ್ಟಿತು.

"ಹ್ಞಾಂ?"

"ಬಿಟ್ಟು ಹೋದವರು..."

ಶಶಿ ತಂತಿಯ ಮೇಲೆ ಅಂಗೈ ಇಟ್ಟು ನಾದ ನಿಲ್ಲಿಸಿದ. "ಅಪ್ಪ. ಮಾಕುಟ್ಟದ ಕಡೆ ಲಾರಿ ಓಡಿಸ್ತಿದ್ರು. ಹಾರ್ಟ್ ಅಟ್ಯಾಕ್. ಆ ದಿನ ನನಗೆ ಏನೂ ಅನ್ಸಲಿಲ್ಲ ಗೊತ್ತಾ. ಬಂದೋರಿಗೆಲ್ಲ ಕಾಫಿ ಕೊಟ್ಟೆ." ಅವನೇ ನಕ್ಕ. "ನೇರವಾಗಿ ಬರೆದ್ರೆ ಜನ ಕೇಳಲ್ಲ. ಜಿಗಣೆ ಅಂದ್ರೆ ಕೇಳ್ತಾರೆ."

ಯಮುನ ಏನಾದರೂ ಹೇಳಬೇಕೆಂದುಕೊಂಡಳು. ತುಂಬಾ ಹೇಳಬೇಕೆಂದುಕೊಂಡಳು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಅವನ ಮುಂದಿಟ್ಟಳು. ಅಷ್ಟೇ ಆಯಿತು.

ಅವನು ಅದನ್ನು ಕೊನೆಯ ಗುಟುಕಿನವರೆಗೂ ಮಾತಾಡದೆ ಕುಡಿದ.

ಇವನ ಹತ್ತಿರ ನಿಜ ಹೇಳಿಬಿಡಬೇಕು ಎಂದು ಅವಳು ತೀರ್ಮಾನಿಸಿದ್ದು ಅವತ್ತೇ. ಆದರೆ ಮಾರನೆಯ ದಿನ ಅವನು ಬಂದದ್ದು ಬೇರೆಯೇ ಸುದ್ದಿಯೊಂದಿಗೆ.

"ಚಿದಣ್ಣ, ಕಸದ ಗಾಡಿ ಮೇಲೆ ಒಂದು ಹಾಡು ಮಾಡಿದೀನಿ. ಮಧ್ಯೆ ಆ ಪ್ರಕಟಣೆ ಬರ್ಬೇಕು. ಗಾಡಿಯಿಂದ ರೆಕಾರ್ಡ್ ಮಾಡಿದ್ರೆ ಬರೀ ಗೊರಗೊರ ಸದ್ದು. ಮೈಸೂರು ಮೇಡಂ ಹತ್ರ ಇನ್ನೊಂದ್ಸಲ ಓದ್ಸಿ ಕೊಡ್ತೀರಾ? 'ಕ್ಷಮಿಸಿ' ಬಿಡಬಾರದು."

ಚಿದಾನಂದ ಯಮುನಳ ಕಡೆ ನೋಡಿದ. ಅವಳು ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡಳು.

"ಮೇಡಂ ತುಂಬಾ ಬ್ಯುಸಿ," ಎಂದ ಚಿದಾನಂದ ಗಂಭೀರವಾಗಿ. "ಆದ್ರೂ ಕೇಳಿ ನೋಡ್ತೀನಿ."

ಶಶಿ ಚೀಲದಿಂದ ಒಂದು ಬಾಟಲಿ ತೆಗೆದು ಯಮುನಳ ಕೈಗೆ ಕೊಟ್ಟ. ತೋಟದ ಜೇನು. "ಮೇಡಂಗೆ ಕೊಡಿ. ಗಂಟಲಿಗೆ ಒಳ್ಳೇದು."

ಬಾಟಲಿ ಅವನ ಕೈಯ ಬಿಸಿಗೆ ಬೆಚ್ಚಗಿತ್ತು. ಯಮುನಳ ಮನಸ್ಸಿಗೆ ಮಾತ್ರ ಚಳಿಯಾಯಿತು.

ಸಂಜೆ ಗುಡ್ಡೆಹೊಸೂರಿನ ಮನೆಯಲ್ಲಿ ಅಮ್ಮ ಚಲುವಮ್ಮ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತು ಎಷ್ಟೋ ವರ್ಷವಾದರೂ ಅವಳ ಮಾತು ಆ ಕಡೆಯದೇ.

"ಇದ್ಯಾರು ಕೊಟ್ಟಿದ್ದೆ?"

"ಮೈಸೂರು ಮೇಡಂಗೆ ಅಂತ ಕೊಟ್ರು."

"ಮತ್ತೆ ನಮ್ಮನೇಲಿ ಯಾಕೈತೆ?"

ಚಲುವಮ್ಮ ಮಗಳ ಮುಖ ನೋಡಿದಳು, ಬಾಟಲಿ ನೋಡಿದಳು, ಮುಚ್ಚಳ ತಿರುವಿದಳು. "ಮೈಸೂರಲ್ಲಿ ಸಕ್ಕರೆ ಸಿಕ್ತದೆ ಬುಡು. ದೋಸೆಗೆ ಹಾಕ್ಕೋ."

ಜೇನು ಸಿಹಿಯಾಗಿತ್ತು. ಸಿಹಿಯಾಗಿದ್ದುದಕ್ಕೇ ನುಂಗಲು ಕಷ್ಟವಾಯಿತು.

ತನ್ನ ಮೇಲೆ ತನಗೇ ಹೊಟ್ಟೆಕಿಚ್ಚು ಪಡುವವರು ಪ್ರಪಂಚದಲ್ಲಿ ಇನ್ಯಾರಾದರೂ ಇದ್ದಾರೆಯೇ? ಅವನಿಗೆ ಬೇಕಾಗಿರುವುದು ಸ್ಪೀಕರಿನ ಹೆಂಗಸು. ತಪ್ಪು ಮಾಡಿದರೂ ಚೆಂದವಾಗಿ ಕ್ಷಮೆ ಕೇಳುವ, ಊರಿಗೆಲ್ಲ ಕೇಳಿಸುವ ಹೆಂಗಸು. ಕೌಂಟರಿನಲ್ಲಿ ಕಾಗದ ಕತ್ತರಿಸುವವಳಲ್ಲ. ನಿಜ ಹೇಳಿದರೆ ಆ ಇನ್ನೊಬ್ಬಳೂ ಇಲ್ಲವಾಗುತ್ತಾಳೆ, ಇವಳೂ ಉಳಿಯುವುದಿಲ್ಲ.

ಆದರೂ ಬಾಗಿಲು ಹಾಕಿಕೊಂಡು ಅವನ ಹಾಡಿಗೆ ಆ ಸಾಲನ್ನು ಓದಿಕೊಟ್ಟಳು. 'ಕ್ಷಮಿಸಿ' ಅನ್ನುವಾಗ ಈ ಸಲ ಸೀನು ಬರಲಿಲ್ಲ. ಬಂದದ್ದು ಅಳು.

ಹೊಸ ಕಾರ್ಯಕ್ರಮ ಗೊತ್ತಾಯಿತು. ಅದೇ ಸಮುದಾಯ ಭವನ, ಮತ್ತೆ ಭಾನುವಾರ ಸಂಜೆ ನಾಲ್ಕು. ಈ ಸಲ ಪ್ರಕಟಣೆಯನ್ನು ಶಶಿಯೇ ಬರೆದು ತಂದ. "'ಕರೆಂಟ್ ಇಲ್ಲ' ಎಂಬ ಹೆಸರಿನ ಹಾಡಿನ ತಂಡದಿಂದ ಸಂಗೀತ ಕಾರ್ಯಕ್ರಮ. ಆ ಹೊತ್ತಿನಲ್ಲಿ ಕರೆಂಟ್ ಇರುತ್ತದೆ."

"ಇನ್ನೊಂದು ಕೆಲಸ ಇದೆ" ಎಂದ. "ಒಂದು ಕಾಗದದಲ್ಲಿ 'ಮೈಸೂರು ಮೇಡಂ' ಅಂತ ದೊಡ್ಡದಾಗಿ ಪ್ರಿಂಟ್ ತೆಗೆದು ಲ್ಯಾಮಿನೇಷನ್ ಹಾಕಿ. ಮುಂದಿನ ಸಾಲಲ್ಲಿ ಅವರಿಗೆ ಒಂದು ಕುರ್ಚಿ ಇಡ್ತೀನಿ. ಹೇಗಾದ್ರೂ ಮಾಡಿ ಕರ್ಕೊಂಡು ಬನ್ನಿ."

ಯಮುನ ಮಷೀನು ಬಿಸಿಯಾಗುವುದನ್ನು ಕಾದಳು. "ಬರದಿದ್ರೆ?"

"ಸೋಮವಾರ ರಜೆ ಹಾಕಿದೀನಿ. ಚಿದಣ್ಣನ ಹತ್ರ ಅಡ್ರೆಸ್ ತಗೊಂಡು ನಾನೇ ಮೈಸೂರಿಗೆ ಹೋಗ್ತೀನಿ. ಅವರ ಹತ್ರ ನೇರವಾಗಿ ಒಂದು ಮಾತು ಕೇಳ್ಬೇಕು. ಕೇಳದೆ ಇದ್ರೆ ನನಗೆ ನಿದ್ದೆ ಬರಲ್ಲ."

ಒಂದು ಮಾತು. ಯಾವ ಮಾತೆಂದು ಯಾರಿಗೆ ತಿಳಿಯುವುದಿಲ್ಲ?

"ನಿಮಗೆ ಏನಾದ್ರೂ ಬೇಜಾರಾ?" ಅವನು ಕೇಳಿದ. "ಮುಖ ಸಣ್ಣಗಾಗಿದೆ."

"ಇಲ್ಲ."

"ಹ್ಞೂಂ ಅನ್ನೋದು ಬಿಟ್ಟು ಇಲ್ಲ ಅಂದ್ರಿ ಅಂದ್ರೆ ಏನೋ ಇದೆ."

ಮಷೀನಿನಿಂದ ಕಾಗದ ಹೊರಬಂತು, ಬಿಸಿಬಿಸಿಯಾಗಿ. ಮೈಸೂರು ಮೇಡಂ. ಅವಳು ಅಂಚನ್ನು ನೀಟಾಗಿ ಕತ್ತರಿಸಿ ಅವನ ಕೈಗಿಟ್ಟಳು.

ಭಾನುವಾರ ಭವನ ತುಂಬಿತ್ತು. ಎಸ್ಟೇಟಿನ ಲೈನುಮನೆಗಳಿಂದ ಬಂದ ಕೂಲಿಯವರು, ಪೇಟೆಯ ಅಂಗಡಿಯವರು, ಬಾಗಿಲ ಬಳಿ ಮೀನು ಅಂಗಡಿಯ ಕಾಕ. ತಿಮ್ಮಯ್ಯ ಮಾವ ಈ ಸಲ ಹೆಂಡತಿಯನ್ನೂ ಕರೆತಂದು ಎರಡನೇ ಸಾಲಿನಲ್ಲಿ ಕೂತಿದ್ದರು. ತೋಟಗಳಲ್ಲೆಲ್ಲ ಕಾಫಿ ಮೊಗ್ಗು ಅರಳಲು ಮಳೆಗೆ ಕಾಯುತ್ತಿದ್ದ ದಿನಗಳು. ಹೊರಗೆ ಮೋಡ ಕಟ್ಟುತ್ತಿತ್ತು, ಒಳಗಿದ್ದವರು ಆಗಾಗ ಕಿಟಕಿಯ ಕಡೆ ಆಸೆಯಿಂದ ನೋಡುತ್ತಿದ್ದರು.

ಮುಂದಿನ ಸಾಲಿನ ಮಧ್ಯದಲ್ಲಿ ಆ ಕುರ್ಚಿ. ಮೇಲೆ ಅವಳೇ ಕತ್ತರಿಸಿದ ಕಾಗದ ಹೊಳೆಯುತ್ತಿತ್ತು.

ಯಮುನ ಕೊನೆಯ ಸಾಲಿನಲ್ಲಿ ಚಿದಾನಂದನ ಪಕ್ಕ ಕೂತಳು.

"ಹೋಗಿ ಕೂತ್ಕೋ ಮಗಳೇ. ನಿಂದೇ ಕುರ್ಚಿ ಅದು."

"ಆಗಲ್ಲ ಚಿದಣ್ಣ."

"ನಾಳೆ ಅವನು ಅಡ್ರೆಸ್ ಕೇಳ್ತಾನೆ. ನಾನು ಯಾರ ಮನೆ ತೋರಿಸ್ಲಿ, ಅರಮನೇನಾ?"

ಹಾಡು ಶುರುವಾಯಿತು. ಆನೆಗೆ ರಸ್ತೆ ದಾಟಲು ಆಧಾರ್ ಕಾರ್ಡ್ ಕೇಳುವ ಹಾಡಿಗೆ ಭವನವೇ ಬಿದ್ದು ಬಿದ್ದು ನಕ್ಕಿತು. ಜಿಗಣೆ ಹಾಡಿಗೆ ಮೊದಲು ನಕ್ಕು ಆಮೇಲೆ ಸುಮ್ಮನಾಯಿತು. ತಿಮ್ಮಯ್ಯ ಮಾವ ಕನ್ನಡಕ ತೆಗೆದು ಒರೆಸಿಕೊಂಡರು.

"ಮುಂದಿನದು ಕಸದ ಗಾಡಿ ಹಾಡು" ಎಂದ ಶಶಿ ಮೈಕಿನಲ್ಲಿ. ಖಾಲಿ ಕುರ್ಚಿಯನ್ನು ಒಮ್ಮೆ ನೋಡಿದ. ಆಮೇಲೆ ಕೊನೆಯ ಸಾಲಿನ ಕಡೆ.

*ನಿನ್ನ ನೆನಪು ಹಸಿ ಕಸ, ದಿನಾ ದಿನಾ ಹೊಸತು,*
*ನನ್ನ ಮಾತು ಒಣ ಕಸ, ಗಾಳಿ ಬಂದರೆ ಹೋಯಿತು.*
*ಎರಡೂ ಬಕೆಟ್ ಹಿಡಿದು ನಿಂತೆ ಬೆಳಗಿನ ಚಳಿಯಲ್ಲಿ,*
*ಗಾಡಿ ಮೇಲೆ ಕೂತು ಬಂದಳು...*

ಇಲ್ಲಿ ಅವಳ ಧ್ವನಿ ಬರಬೇಕಿತ್ತು. ಶಶಿ ಲ್ಯಾಪ್‌ಟಾಪಿನ ಗುಂಡಿ ಒತ್ತಿದ.

ದೂರದಲ್ಲೊಂದು ಗುಡುಗು. ದೀಪಗಳು ಒಮ್ಮೆ ಮಿಟುಕಿ ಆರಿಹೋದವು. ಸ್ಪೀಕರುಗಳು ಉಸಿರು ಬಿಟ್ಟಂತೆ ಸದ್ದು ಮಾಡಿ ಸತ್ತವು.

ಕರೆಂಟ್ ಇಲ್ಲ.

ಇಡೀ ಭವನ ನಗೆಯಲ್ಲಿ ಮುಳುಗಿತು. ಸತೀಶನ ಫೋನು ಬಡಿದುಕೊಂಡಿತು. ಅವನು ಕೋಲುಗಳನ್ನು ಡ್ರಮ್ಮಿನ ಮೇಲಿಟ್ಟು, "ಲೋ ಶಶಿ, ನಾನು ಕಂಬಕ್ಕೆ ಹೋದೆ" ಎಂದು ಜನರ ನಡುವೆಯೇ ಓಡಿದ. "ಈ ಸಲ ಆಟೋದವರು ಸುಳ್ಳು ಹೇಳಿದ್ರು" ಎಂದರು ತಿಮ್ಮಯ್ಯ ಮಾವ ಗಟ್ಟಿಯಾಗಿ. ಮತ್ತೆ ನಗು.

ಶಶಿ ಮೈಕನ್ನು ಪಕ್ಕಕ್ಕೆ ಸರಿಸಿ, ವೇದಿಕೆಯ ಅಂಚಿಗೆ ಬಂದು ಕೂತ. ಗಿಟಾರ್ ತೊಡೆಯ ಮೇಲೆ. "ಮೇಡಂ ಧ್ವನಿ ಇಲ್ಲ. ಏನ್ ಮಾಡೋದು?"

ಯಮುನ ಎದ್ದು ನಿಂತಳು. ಯಾವಾಗ ಎದ್ದಳೋ ಅವಳಿಗೇ ಗೊತ್ತಿಲ್ಲ. ಬಾಯಿ ತೆರೆದಳು. ಗಂಟಲಿನಿಂದ ಏನೂ ಹೊರಡಲಿಲ್ಲ. ಎಷ್ಟೊಂದು ತಲೆಗಳು, ಎಷ್ಟೊಂದು ಬೆನ್ನುಗಳು...

ಅಷ್ಟರಲ್ಲಿ ಬಾಗಿಲ ಬಳಿಯಿಂದ ಮೀನು ಅಂಗಡಿಯ ಕಾಕ, ತನ್ನ ಮಲಯಾಳದ ಎಳೆತದಲ್ಲಿ, "ನಾಗರಿಕರ ಗಮನಕ್ಕೆ..." ಅಂದ.

ಲೈನುಮನೆಯ ಹೆಂಗಸರು ಸೇರಿಕೊಂಡರು. "ಹಸಿ ಕಸ ಮತ್ತು ಒಣ ಕಸವನ್ನು..."

ಈಗ ಇಡೀ ಭವನ. ಕೊಡವರು, ಗೌಡರು, ತಮಿಳರು, ಬ್ಯಾರಿಗಳು, ತಿಮ್ಮಯ್ಯ ಮಾವನ ಹೆಂಡತಿ. "ಬೇರೆ ಬೇರೆ..."

ಅಲ್ಲಿ ಎಲ್ಲರೂ ಮಾತು ನಿಲ್ಲಿಸಿದರು. ಯಾರೂ ಹೇಳದೆಯೇ. ರೆಕಾರ್ಡಿಂಗಿನಲ್ಲಿ ಅವಳು ನಿಲ್ಲಿಸಿದ್ದಷ್ಟೇ ಹೊತ್ತು.

"ಕ್ಷಮಿಸಿ..."

ಯಾರೂ ನಗಲಿಲ್ಲ. ಮನೆಯವರೊಬ್ಬರ ಮಾತನ್ನು ನೆನಪಿಟ್ಟುಕೊಂಡು ಹೇಳುವ ಹಾಗೆ, ಅಷ್ಟು ಮೆಲ್ಲಗೆ ಹೇಳಿದರು. "ಬೇರೆ ಬೇರೆಯಾಗಿ ಕೊಟ್ಟು ಸಹಕರಿಸಿ."

ಯಮುನ ಮತ್ತೆ ಕೂತಳು. ಕಣ್ಣು ತುಂಬಿ ಬಂದಿತ್ತು. ಇವರೆಲ್ಲ ಆಡಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದಳು, ಇಷ್ಟು ದಿನ. ಇಷ್ಟಪಟ್ಟದ್ದನ್ನೂ ಜನ ಅಣಕಿಸುತ್ತಾರೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಚಿದಾನಂದ ತನ್ನ ಕರ್ಚೀಫು ಮುಂದೆ ಮಾಡಿದ.

ಶಶಿ ಮತ್ತೆ ತಂತಿ ಮೀಟಿದ. ಹಾಡು ಇನ್ನೂ ಉಳಿದಿತ್ತು. ಇದನ್ನು ಅವಳು ಕೇಳಿರಲಿಲ್ಲ.

*ಗಾಡಿ ಹೋಯಿತು ತಿರುವಿನಲ್ಲಿ, ಬಕೆಟ್ ಎರಡೂ ಖಾಲಿ.*
*ಊರಿಗೆಲ್ಲ ಕೇಳುವ ಧ್ವನಿ ಊರಿಗೇ ಇರಲಿ.*
*ನನ್ನ ನೂರು ಮಾತಿಗೆ ಒಬ್ಬಳದು ಒಂದೇ ಹ್ಞೂಂ.*
*ಕಾಫಿ ಬಗ್ಗಿಸಿ ಮುಂದೆ ಇಟ್ಟಳು, ಏನೂ ಅನ್ನಲಿಲ್ಲ.*
*ಅಪ್ಪ ಹೋದ ಮೇಲೆ ನನಗೆ ಸಿಕ್ಕ ಸಮಾಧಾನ*
*ಆ ಆಡದ ಮಾತೇ... ಆ ಒಂದು ಹ್ಞೂಂ.*

ಅವನು ಹಾಡುತ್ತಿದ್ದುದು ಖಾಲಿ ಕುರ್ಚಿಯ ಕಡೆ ನೋಡಿಕೊಂಡಲ್ಲ.

ಹೊರಗೆ ಮೊದಲ ಹನಿಗಳು ಬಿದ್ದವು. "ಹೂಮಳೆ" ಎಂದು ಯಾರೋ ಸಂತೋಷದಿಂದ ಕೂಗಿದರು. ಚಪ್ಪಾಳೆ ಹಾಡಿಗೋ ಮಳೆಗೋ ಗೊತ್ತಾಗಲಿಲ್ಲ.

ಮಳೆ ಹೆಚ್ಚು ಹೊತ್ತು ಸುರಿಯಲಿಲ್ಲ. ಜನ ಹೋದ ಮೇಲೆ, ಇನ್ನೂ ಬೆಳಕಿರುವಾಗಲೇ, ಶಶಿ ಭವನದ ಮೆಟ್ಟಿಲ ಮೇ‌ಲೆ ಕೂತು ವೈರುಗಳನ್ನು ಸುತ್ತುತ್ತಿದ್ದ. ಪಕ್ಕದಲ್ಲಿ ಲ್ಯಾಮಿನೇಷನ್ ಕಾಗದ ಬಿದ್ದಿತ್ತು.

ಯಮುನ ಎರಡು ಮೆಟ್ಟಿಲು ಕೆಳಗೆ ನಿಂತಳು.

"ಮೇಡಂ ಬರ್ಲಿಲ್ಲ" ಎಂದ ಅವನು, ತಲೆ ಎತ್ತದೆ. ಹಾಡಿ ಮುಗಿಸಿದ ಮೇಲೆ ಅವನಿಗೂ ನಾಚಿಕೆ ಬಂದುಬಿಟ್ಟಿತ್ತು.

"ಅವರ ಹತ್ರ ಏನು ಕೇಳ್ಬೇಕಿತ್ತು?"

"ಹಾಡಲ್ಲಿ ಅವರ ಧ್ವನಿ ಹಾಕ್ಕೊಳ್ಳೋಕೆ ಒಪ್ಪಿಗೆ. ಚಿದಣ್ಣ ಓದ್ಸಿ ಕೊಟ್ರು ನಿಜ, ಆದ್ರೂ ಅವರನ್ನೇ ಕೇಳದೆ ಹಾಕೋದು ತಪ್ಪಲ್ವಾ. ಇನ್ನೇನು ಕೇಳ್ತೀನಿ ಅಂದ್ಕೊಂಡ್ರಿ?"

ಅಷ್ಟೇನಾ... ಅಷ್ಟಕ್ಕೇ ತಾನು ಎಷ್ಟು ದೋಸೆ ಗಂಟಲಲ್ಲಿ ಸಿಕ್ಕಿಸಿಕೊಂಡಿದ್ದಳು.

"ಮೈಸೂರಿಗೆ ಹೋಗ್ಬೇಡಿ" ಅಂದಳು.

"ಯಾಕೆ?"

ಯಮುನ ಕಣ್ಣು ಮುಚ್ಚಿದಳು. ಸುತ್ತಲೂ ಮೊಟ್ಟೆ ಟ್ರೇಗಳಿವೆ, ಬಾಗಿಲು ಹಾಕಿದೆ ಎಂದುಕೊಂಡಳು. ಮಣ್ಣಿನ ವಾಸನೆ ಮಾತ್ರ ಹಾಗಲ್ಲ ಎನ್ನುತ್ತಿತ್ತು. ಆದರೂ ಉಸಿರು ಎಳೆದುಕೊಂಡಳು.

"ನಾಗರಿಕರ ಗಮನಕ್ಕೆ. ಹಸಿ ಕಸ ಮತ್ತು ಒಣ ಕಸವನ್ನು ಬೇರೆ ಬೇರೆ... ಕ್ಷಮಿಸಿ."

ಮುಂದೆ ಹೋಗಲಿಲ್ಲ. 'ಕ್ಷಮಿಸಿ'ಗೇ ನಿಂತಳು. ಈ ಸಲ ಅದು ಕ್ಷಮೆಯೇ ಆಗಿತ್ತು.

ಕಣ್ಣು ತೆರೆದಾಗ ಶಶಿಯ ಕೈಯಿಂದ ವೈರು ಬಿಚ್ಚಿ ಮೆಟ್ಟಿಲ ಮೇಲೆ ಹರಡಿತ್ತು. ಅವನು ಅವಳನ್ನೇ ನೋಡುತ್ತಿದ್ದ. ಸಿಟ್ಟೋ? ನಿರಾಸೆಯೋ? ಅವಳಿಗೆ ಓಡಿಹೋಗಬೇಕು ಅನಿಸಿತು. ಹೋಗಲಿಲ್ಲ.

"ಹಾಗಾದ್ರೆ..." ಅವನು ಕೇಳಿದ, "ಆ ಜೇನು?"

"ಮುಗೀತು. ಅಮ್ಮ ದೋಸೆಗೆ ಹಾಕಿದ್ರು."

ಅವನ ತುಟಿ ಅಲುಗಿತು. ಆಮೇಲೆ ಭುಜ. ಆಮೇಲೆ ಇಬ್ಬರೂ ನಕ್ಕರು, ಭವನದ ವಾಚ್‌ಮನ್ ಹೊರಗೆ ಬಂದು ನೋಡಿ ಹೋಗುವಷ್ಟು.

"ಸುಳ್ಳು ಹೇಳ್ಬಾರದಿತ್ತು ನಾನು" ಎಂದಳು.

"ನನ್ನ ಕಷ್ಟ ಅದಲ್ಲ" ಎಂದ ಶಶಿ. "ಇಡೀ ಹಾಡಲ್ಲಿ ಇಬ್ರನ್ನ ಬೇರೆ ಬೇರೆ ಮಾಡಿ ಬರೆದಿದೀನಿ. ಈಗ ಒಬ್ಬರೇ ಅಂದ್ರೆ..." ಮಾತು ಹುಡುಕಿದ. ಸಿಗಲಿಲ್ಲ. ಎಲ್ಲದಕ್ಕೂ ಮಾತು ಇದ್ದವನು ಸುಮ್ಮನೆ ಅವಳನ್ನು ನೋಡಿ, "ಹ್ಞೂಂ" ಅಂದ.

ಯಮುನ ಕೆಳಗಿನ ಎರಡೂ ಮೆಟ್ಟಿಲು ಹತ್ತಿ, 'ಮೈಸೂರು ಮೇಡಂ' ಕಾಗದವನ್ನು ಪಕ್ಕಕ್ಕೆ ಸರಿಸಿ, ಅವನ ಪಕ್ಕ ಕೂತಳು. ಈಗ ಕಣ್ಣು ಮುಚ್ಚಲಿಲ್ಲ. ಓದಲು ಚೀಟಿಯೂ ಇರಲಿಲ್ಲ.

"ನಂಗೆ ನಿಮ್ಮ ಹತ್ರ ಮಾತಾಡ್ಬೇಕು ಅನ್ಸುತ್ತೆ" ಅಂದಳು. "ದಿನಾ."